ಹೂವಿನ ಕ್ಯಾಸೆಟ್

ಕೆರೆಯ ದಡದಲ್ಲಿ ನಿಂತ ಹುಡುಗಿ ಅಂಗಿಯನ್ನು ತಲೆಯ ಮೇಲಿನಿಂದ ಎಳೆಯತೊಡಗಿದಳು. ಸಿಪ್ರಿಯ ಬೆರಳು ಸ್ವಿಚ್ಚಿನ ಮೇಲಿತ್ತು. ಅಂಗಿ ಹೊಟ್ಟೆ ದಾಟುವ ಮೊದಲೇ ಟಕ್ ಎಂದು ಒತ್ತಿದ. ಟೀವಿಯಲ್ಲಿ ಅವಳ ಪಾಡಿಗೆ ಅವಳು ನೀರಿಗಿಳಿದಳು. ಅವಳ ಹಿಂದೆ ಗಡ್ಡದವನೊಬ್ಬ, ಅವನ ಹಿಂದೆ ಇನ್ನಷ್ಟು ಮಂದಿ, ಯಾರ ಮೈಮೇಲೂ ನೂಲೆಳೆಯಿಲ್ಲ. ಸಿಪ್ರಿ ಒಮ್ಮೆ ಬಾಗಿಲ ಕಡೆ ನೋಡಿದ. ಅರ್ಧ ಎಳೆದ ಶಟರಿನ ಕೆಳಗೆ ಬಹರೈನಿನ ಗುದೈಬಿಯಾದ ಬೀದಿಯಲ್ಲಿ ಶುಕ್ರವಾರದ ಬಿಸಿಲು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಮತ್ತೆ ಟೀವಿಯ ಕಡೆ ತಿರುಗಿದ. ನೋಡದೆ ನಿರ್ವಾಹವಿಲ್ಲ. ಇವರೆಲ್ಲ ಯಾವಾಗ ಬಟ್ಟೆ ಹಾಕಿಕೊಂಡರು ಎಂದು ಅವನಿಗೆ ಗೊತ್ತಾಗಬೇಕಲ್ಲ. ಕೆಲಸವೇ ಅಂಥದ್ದು.

ಕಿಟ್ಟಣ್ಣನ ವಿಡಿಯೊ ಲೈಬ್ರರಿಯಲ್ಲಿ ಮೂರು ಯಂತ್ರಗಳಿದ್ದವು. ಒಂದರಲ್ಲಿ ಚಿತ್ರ ಓಡುತ್ತದೆ, ಇನ್ನೊಂದರಲ್ಲಿ ಹೂವು ಓಡುತ್ತದೆ, ಮೂರನೆಯದು ಬಂದದ್ದನ್ನು ಹೊಸ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತದೆ. ಮನೆಮಂದಿ ಕೂತು ನೋಡಬಾರದ್ದು ಬಂದಾಗ ಸ್ವಿಚ್ಚು ಒತ್ತಬೇಕು, ಹೂವಿನ ಯಂತ್ರ ನಿಂತಲ್ಲಿಂದ ಓಡತೊಡಗುತ್ತದೆ. ಹಾಡು ಚಿತ್ರದ್ದೇ ಮುಂದುವರಿಯುತ್ತದೆ, ಕಣ್ಣಿಗೆ ಮಾತ್ರ ಹೂವು ಕಾಣುತ್ತದೆ. ಆ ಹೂವಿನ ಕ್ಯಾಸೆಟ್ ಕಿಟ್ಟಣ್ಣ ಸಂಸಾರ ಸಮೇತ ಊಟಿಗೆ ಹೋದಾಗ ತೆಗೆಸಿದ್ದು. ಗುಲಾಬಿ, ಡೇಲಿಯ, ಮತ್ತೆ ಗುಲಾಬಿ, ನಡುವೆ ಒಂದು ಕಡೆ ಅವನ ಹೆಂಡತಿ ಉಷಾಲತಕ್ಕನ ಸೆರಗಿನ ಅಂಚು. ಬಹರೈನಿನ ಅದೆಷ್ಟೋ ಮನೆಗಳಲ್ಲಿ ಅದೆಷ್ಟೋ ಮುತ್ತುಗಳು ಆ ಗುಲಾಬಿಗಳ ಹಿಂದೆ ಮರೆಯಾಗಿದ್ದವು. ಯಂತ್ರಗಳೇನೋ ಮೂರು, ಟೀವಿ ಮಾತ್ರ ಒಂದೇ. ಅದರಲ್ಲಿ ಕಾಣುವುದು ಚಿತ್ರ ಮಾತ್ರ, ಹೂವಲ್ಲ. ಪಾಪಕ್ಕೆ ಸಾಕ್ಷಿಯಾಗಿ ಕೂರುವುದು ಸಿಪ್ರಿಯೊಬ್ಬನೇ.

ಇವತ್ತಿನ ಚಿತ್ರ ಕಥೆಯಿಲ್ಲದ್ದು. ಇಪ್ಪತ್ತೈದು ವರ್ಷದ ಹಿಂದೆ ಅಮೆರಿಕದ ಒಂದು ಹೊಲದಲ್ಲಿ ಲಕ್ಷಗಟ್ಟಲೆ ಹುಡುಗ ಹುಡುಗಿಯರು ಸೇರಿ, ಮೂರು ದಿನ ಮಳೆಯಲ್ಲಿ ನೆನೆದು, ಕೆಸರಿನಲ್ಲಿ ಹೊರಳಿ, ಗಿಟಾರಿನ ಅಬ್ಬರ ಕೇಳಿದ್ದನ್ನು ಯಾರೋ ಪುಣ್ಯಾತ್ಮರು ಕ್ಯಾಮರಾ ಹಿಡಿದು ತೆಗೆದಿದ್ದರು. ಲಂಡನ್ನಿನಿಂದ ಅದನ್ನು ತರಿಸಿದವರು ಅರ್ಬಾಬ್, ಅಂದರೆ ಕಾಗದಪತ್ರದಲ್ಲಿ ಅಂಗಡಿಯ ಧಣಿ. ಅವರನ್ನು ಎಲ್ಲರೂ ಕರೆಯುವುದು ಬು ರಾಶಿದ್ ಎಂದು. ಅವಾಲಿಯಲ್ಲಿ ಎಣ್ಣೆ ಕಂಪನಿಯ ಎಂಜಿನಿಯರ್. ಕಿಟ್ಟಣ್ಣನ ಅಂಗಡಿಯ ಲೈಸೆನ್ಸು ಅವರ ಹೆಸರಿನಲ್ಲಿ, ಸಿಪ್ರಿಯ ವೀಸಾ ಕೂಡ. ಸಿಪ್ರಿ ಅವರನ್ನು ಕಂಡವನಲ್ಲ. ಆದರೆ ನಾಲ್ಕು ವರ್ಷಗಳಿಂದ ತನ್ನ ಪಾಸ್‌ಪೋರ್ಟ್ ಅವರ ಮನೆಯ ಕಪಾಟಿನಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಹಾಗೆಂದು ಕಿಟ್ಟಣ್ಣ ಹೇಳಿದ್ದ.

"ಅವರ ತಾಯಿ, ಹೆಣ್ಣುಮಕ್ಕಳು ಎಲ್ಲ ಕೂತು ನೋಡ್ತಾರಂತೆ ಮಾರಾಯ. ಒಂದು ಕೂದಲೆಳೆ ಹೆಚ್ಚುಕಮ್ಮಿ ಆಗ್ಬಾರ್ದು," ಎಂದು ಬೆಳಿಗ್ಗೆಯೇ ಎಚ್ಚರಿಸಿ ಹೋಗಿದ್ದ ಕಿಟ್ಟಣ್ಣ. "ಖುಷಿಯಾದ್ರೆ ನಿನ್ನ ರಜೆಯ ವಿಷಯ ಎತ್ತಿಯೇ ಬಿಡ್ತೇನೆ."

ಈ ಮಾತು ಕೇಳಿ ಕೇಳಿ ಸಿಪ್ರಿಗೆ ಬಾಯಿಪಾಠವಾಗಿತ್ತು. ಹಾಗೆಂದು ಕಿಟ್ಟಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಲ್ಲ. ಶಿರ್ವದ ಸಿಪ್ರಿಯನ್ ಎಂಬ, ಎಲ್ಲಿಯೂ ನೆಲೆ ಕಾಣದ ಹುಡುಗನನ್ನು ವಿಮಾನ ಹತ್ತಿಸಿ ತಂದವನು ಅವನೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಲು ಜಾಗ ಕೊಟ್ಟವನು ಅವನೇ. ಮಧ್ಯಾಹ್ನಕ್ಕೆ ಮೇಲಿನ ಫ್ಲಾಟಿನಿಂದ ಉಷಾಲತಕ್ಕನ ಬಂಗುಡೆ ಸಾರು ತಪ್ಪದೆ ಇಳಿದು ಬರುತ್ತಿತ್ತು. ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದ. ಬೈಯುವವನನ್ನಾದರೆ ಬಿಟ್ಟು ಓಡಬಹುದು, ಹಣೆ ಮುಟ್ಟುವವನಿಂದ ಓಡುವುದು ಹೇಗೆ? ಸಿಪ್ರಿ ರಾತ್ರಿ ಶಟರನ್ನು ಒಳಗಿನಿಂದ ಎಳೆದು ಚಿಲಕ ಹಾಕಿಕೊಳ್ಳುತ್ತಿದ್ದ, ಬೆಳಿಗ್ಗೆ ಒಳಗಿನಿಂದಲೇ ಎತ್ತುತ್ತಿದ್ದ. ಶುಕ್ರವಾರ ಅವನು ಪೂಜೆಗೆ ಇಗರ್ಜಿಗೆ ಹೋದರೆ ಕಿಟ್ಟಣ್ಣ ಬಂದು ಗಲ್ಲೆಯ ಮೇಲೆ ಕೂರುತ್ತಿದ್ದ. ಅಂಗಡಿಯಲ್ಲಿ ಯಾರೂ ಇಲ್ಲ ಎಂಬ ಹೊತ್ತೇ ಇರಲಿಲ್ಲ. ಹೊರಗಿನ ಬೀಗ ಮೊಳೆಗೆ ನೇತಾಡಿ ತುಕ್ಕು ಹಿಡಿದಿತ್ತು.

ಕೆರೆಯಿಂದ ಎಲ್ಲರೂ ಮೇಲೆ ಬಂದ ಮೇಲೆ ಸಿಪ್ರಿ ಸ್ವಿಚ್ಚು ಹಿಂದಕ್ಕೆ ತಿರುಗಿಸಿದ. ಆಮೇಲೆ ಬಂದದ್ದು ಬೇಲಿಯ ದೃಶ್ಯ. ಹೊಲದ ಸುತ್ತ ತಂತಿಬೇಲಿ ಹಾಕಿದ್ದರು, ಟಿಕೆಟ್ ಕೊಂಡವರಷ್ಟೇ ಒಳಗೆ ಬರಲಿ ಎಂದು. ಜನ ಬಂದರು, ಬಂದರು, ಬೇಲಿ ಮಲಗಿತು. ಟಿಕೆಟ್ ಕೇಳಬೇಕಾದವರು ಕೈಕಟ್ಟಿ ನಿಂತರು. ಹುಡುಗಿಯರು ಬೇಲಿಯ ಮೇಲೆಯೇ ನಡೆದು, ಬರಿಗಾಲಿನಲ್ಲಿ, ತಂತಿಗೆ ಸಿಕ್ಕದಂತೆ ಲಂಗ ಎತ್ತಿ ಹಿಡಿದು ದಾಟಿದರು. ಕತ್ತರಿಸಲು ಏನೂ ಇಲ್ಲದ ಜಾಗ ಅದು. ಆದರೂ ಸಿಪ್ರಿ ಅದನ್ನು ನೋಡುತ್ತ ಬೆರಳೆತ್ತಿಯೇ ಕೂತಿದ್ದ. ಇಷ್ಟು ಜನರಲ್ಲಿ ಒಬ್ಬರನ್ನಾದರೂ ಯಾರಾದರೂ 'ನಿನ್ನ ಪೇಪರ್ ಎಲ್ಲಿ' ಎಂದು ಕೇಳಬಾರದೇ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು.

ಫೋನು ಬಡಿದುಕೊಂಡದ್ದು ಆಗಲೇ. ಶಿರ್ವದ ಬೂತಿನಿಂದ ಕ್ಲೊಟಿಲ್ಡಾ. ಅವನಿಗೆ ಗೊತ್ತು ಮಾಡಿದ ಹುಡುಗಿ.

"ಈ ಆದಿತ್ಯವಾರ ಇಗರ್ಜಿಯಲ್ಲಿ ನಮ್ಮ ಹೆಸರು ಓದ್ತಾರೆ," ಎಂದಳು ಅವಳು, ಹೇಗಿದ್ದೀ ಎಂದೂ ಕೇಳದೆ. "ಮೂರು ವಾರ ಓದಿ ಆದ ಮೇಲೆ ಮದುವೆ. ಎರಡು ಸಲ ಮುಂದೆ ಹಾಕಿದ್ದಾಯ್ತು. ಪಾದ್ರಿಗಳೇ ನಗಾಡ್ತಿದ್ದಾರೆ."

"ಅರ್ಬಾಬನ ಹತ್ರ ಕೇಳ್ತೇನೆ ಹೇಳಿದ್ದಾರೆ ಕಿಟ್ಟಣ್ಣ."

"ಲಿಲಿಯನಳ ಮದುವೆಗೂ ಹಾಗೇ ಹೇಳಿದ್ದು ನೀನು."

ಲಿಲಿಯನ್ ಅವನ ಒಬ್ಬಳೇ ತಂಗಿ.

"ನೋಡು ಸಿಪ್ರಿ. ಪಪ್ಪನಿಗೆ ಬಹರೈನಿನ ಅಳಿಯ ಬೇಕು. ನನಗೆ ಬರುವ ಗಂಡ ಬೇಕು. ಈ ಸಲ ನೀನು ಬರದಿದ್ರೆ ಇನ್ನೊಂದು ಸಲ ಕೇಳುದಿಲ್ಲ ನಾನು. ಬೊಂಬಾಯಿಯಿಂದ ಬಂದ ಪ್ರಸ್ತಾಪ ಪಪ್ಪ ಇನ್ನೂ ಬೇಡ ಹೇಳಿ ಕಳಿಸಿಲ್ಲ." ಅವಳು ದನಿ ತಗ್ಗಿಸಿದಳು. "ಬೂತಿನವರು ನೋಡ್ತಿದ್ದಾರೆ. ಇಡ್ತೇನೆ."

ಅವನು ಫೋನು ಹಿಡಿದುಕೊಂಡೇ ನಿಂತ. ಟೀವಿಯಲ್ಲಿ ಮತ್ತೆ ಯಾರೋ ಬಟ್ಟೆ ಬಿಚ್ಚತೊಡಗಿದ್ದರು. ಓಡಿ ಬಂದು ಸ್ವಿಚ್ಚು ಒತ್ತಿದ.

ತಪ್ಪು ಆಗಿ ಹೋಗಿದ್ದು ಅವನಿಗೆ ಆ ಹೊತ್ತಿನಲ್ಲಿ ಗೊತ್ತಾಗಲಿಲ್ಲ. ಹಿಂದಿನ ದಿನ ಗಿರಾಕಿಗಳಿಲ್ಲದ ಮಧ್ಯಾಹ್ನ ಅವನು ಟೀವಿಯ ತಂತಿಯನ್ನು ಹೂವಿನ ಯಂತ್ರಕ್ಕೆ ಸಿಕ್ಕಿಸಿ, ಅದರಲ್ಲಿ ಲಿಲಿಯನಳ ಮದುವೆಯ ಕ್ಯಾಸೆಟ್ ಹಾಕಿಕೊಂಡು ನೋಡಿದ್ದ. ನೋಡುವುದೆಂದರೆ ಯಾವತ್ತೂ ಪೂರ್ತಿಯಲ್ಲ. ಮದುವೆಯ ಮುಂಚಿನ ದಿನದ ರೋಸಿನ ಶಾಸ್ತ್ರಕ್ಕೆ ಅವಳನ್ನು ಕರೆತಂದು ಮಣೆಯ ಮೇಲೆ ಕೂರಿಸುವವರೆಗೆ ನೋಡುವುದು, ಅಲ್ಲಿಗೆ ನಿಲ್ಲಿಸುವುದು. ಮದುಮಗಳ ತಲೆಗೆ ಮನೆಯವರೆಲ್ಲ ಸರದಿಯಂತೆ ಕಾಯಿಹಾಲು ಹೊಯ್ಯುವ ಶಾಸ್ತ್ರ ಅದು. ಅಪ್ಪ ಅಮ್ಮನ ನಂತರ ಅಣ್ಣ ಹೊಯ್ಯಬೇಕು. ಅಣ್ಣ ಇಲ್ಲದ ಆ ಜಾಗ ಹೇಗೆ ಕಾಣುತ್ತದೆ ಎಂದು ನೋಡುವ ಧೈರ್ಯ ಅವನಿಗೆ ಇರಲಿಲ್ಲ. ನಿಲ್ಲಿಸಿದ್ದ, ಹೊರಗೆ ತೆಗೆಯಲು ಮರೆತಿದ್ದ. ಹೂವಿನ ಕ್ಯಾಸೆಟ್ ಯಂತ್ರದ ತಲೆಯ ಮೇಲೆ ತೆಪ್ಪಗೆ ಮಲಗಿತ್ತು.

ಮುಂದಿನ ಶುಕ್ರವಾರ ಕಳೆದು ಶನಿವಾರ ಮಧ್ಯಾಹ್ನ ಕಿಟ್ಟಣ್ಣ ಅಂಗಡಿಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಎಂತ ಮಾಡಿ ಹಾಕಿದ್ದು ನೀನು? ಅರ್ಬಾಬ್ ಫೋನ್ ಮಾಡಿದ್ರು. ಸಿನಿಮಾದ ನಡುವೆ ಯಾವುದೋ ಹೆಂಗಸರು ಬಂದಿದ್ದಾರಂತೆ. ಕ್ಯಾಸೆಟ್ ಮಾಡಿದವನನ್ನು ಕರ್ಕೊಂಡು ಬಾ ಅಂತ."

"ಹೆಂಗಸರಾ? ನಾನು ಎಲ್ಲದಕ್ಕೂ ಹೂವು..." ಎನ್ನುತ್ತಲೇ ಸಿಪ್ರಿಯ ಕಣ್ಣು ಯಂತ್ರದ ಕಡೆ ಹೋಯಿತು. ಹೂವು ಬೇಕಾದ ಬೇರೆ ಚಿತ್ರ ಈ ವಾರ ಬಂದಿರಲಿಲ್ಲ, ಒಳಗೆ ಲಿಲಿಯನ್ ಇನ್ನೂ ಇದ್ದಳು.

"ನೀನು ಬರುದು ಬೇಡ, ನಾನೊಬ್ಬನೇ ಹೋಗಿ ಕೈಕಾಲು ಹಿಡೀತೇನೆ ಅಂದೆ. ಅವರು ಕೇಳುದಿಲ್ಲ," ಎಂದ ಕಿಟ್ಟಣ್ಣ, ಬೆವರು ಒರೆಸಿಕೊಳ್ಳುತ್ತ. "ಅಲ್ಲಿ ನೀನು ಬಾಯಿ ಬಿಡ್ಬೇಡ. ಗೊತ್ತಾಯ್ತಾ? ಎಂತ ಕೇಳಿದ್ರೂ ನಾನು ಹೇಳ್ತೇನೆ."

ಹೊರಡುವಾಗ ಶಟರು ಎಳೆದು ಬೀಗ ಹಾಕಲು ಹೋದರೆ ಬೀಗ ಕಚ್ಚಲಿಲ್ಲ. ಕಿಟ್ಟಣ್ಣ ಅದನ್ನು ಗೋಡೆಗೆ ಬಡಿದ, ಕೀಲಿ ತಿರುವಿದ, ಬೈದ. ಕೊನೆಗೆ ಮೇಲಿನಿಂದ ಉಷಾಲತಕ್ಕನನ್ನು ಕರೆದು ಗಲ್ಲೆಯ ಮೇಲೆ ಕೂರಿಸಿ ಕಾರು ತೆಗೆದ.

ಅವಾಲಿಯ ದಾರಿಯಲ್ಲಿ ಬದಿಗೆ ಉದ್ದಕ್ಕೆ ಕೊಳವೆಗಳು, ಮರಳು, ಮತ್ತೆ ಕೊಳವೆಗಳು. ಆಮೇಲೆ ಇದ್ದಕ್ಕಿದ್ದಂತೆ ಹಸಿರು ಬೇಲಿಗಳ ಸಾಲು, ತಗ್ಗಿನ ಮನೆಗಳು. ಕಿಟ್ಟಣ್ಣ ಎರಡು ಸಲ ತಿರುವು ತಪ್ಪಿಸಿ ಕಾರು ಹಿಂದಕ್ಕೆ ತೆಗೆದ. ಇಷ್ಟೊಂದು ಹೆದರುವುದು ಕ್ಯಾಸೆಟ್ಟಿಗಾಗಿಯೇ ಎಂದು ಸಿಪ್ರಿ ತಿಳಿದ. ವೀಸಾ ಕ್ಯಾನ್ಸಲ್ ಆಗುತ್ತದೆ, ಇವತ್ತೇ ವಿಮಾನ ಹತ್ತಿಸಿ ಊರಿಗೆ ಅಟ್ಟುತ್ತಾರೆ ಎಂದುಕೊಂಡು ಮನಸ್ಸಿನಲ್ಲಿಯೇ ಜಪಸರ ಎಣಿಸುತ್ತಿದ್ದ.

ಬು ರಾಶಿದ್ ಅವನಂದುಕೊಂಡಂತೆ ಇರಲಿಲ್ಲ. ಐವತ್ತು ಮುಟ್ಟುತ್ತಿದ್ದ, ಹೊಟ್ಟೆ ಬಂದ, ಕನ್ನಡಕದ ಮನುಷ್ಯ. ಬಿಳಿ ನಿಲುವಂಗಿ, ಬರಿಗಾಲು. ತಾನೇ ಪುಟ್ಟ ಲೋಟಗಳಿಗೆ ಕಾಫಿ ಬಗ್ಗಿಸಿ, ಖರ್ಜೂರದ ತಟ್ಟೆ ಮುಂದಿಟ್ಟರು. ಕಿಟ್ಟಣ್ಣ ಕುರ್ಚಿಯ ಅಂಚಿನಲ್ಲಿ ಕೂತು ಹಿಂದಿಯಲ್ಲಿ ಕ್ಷಮೆ ಕೇಳತೊಡಗಿದ. ಹುಡುಗ ದಡ್ಡ, ತಿಳಿವಳಿಕೆ ಇಲ್ಲ, ಬೇರೆ ಮಾಡಿಕೊಡುತ್ತೇವೆ. ಅವರು ಕೈ ಅಡ್ಡ ಮಾಡಿ ರಿಮೋಟ್ ಒತ್ತಿದರು.

ಗಿಟಾರು ಕಿರುಚಿತು. ಕೆರೆಯ ದಡದ ಹುಡುಗಿ ಅಂಗಿಯ ಅಂಚು ಹಿಡಿದಳು. ಟಕ್. ಶಿರ್ವದ ಮನೆಯ ಚಪ್ಪರದಡಿ ಲಿಲಿಯನ್ ಮಣೆಯ ಮೇಲೆ ಕೂತಿದ್ದಳು. ಅಮ್ಮ ಹಣೆಗೆ ಶಿಲುಬೆಯ ಗುರುತಿಟ್ಟು ತಲೆಗೆ ಕಾಯಿಹಾಲು ಹೊಯ್ದಳು. ಅಪ್ಪ ಹೊಯ್ದರು. ಗರ್ಟ್ರೂಡ್ ಮಾವ್ಶಿ, ಅಮ್ಮನ ಅಕ್ಕ, ಬಾಯಿ ದೊಡ್ಡದು ಮಾಡಿ ಶಾಸ್ತ್ರದ ಹಾಡು ಹೇಳುತ್ತಿದ್ದಳು. ಅವಳ ಬಾಯಿಯಿಂದ ಬರುತ್ತಿದ್ದುದು ಮಾತ್ರ ಅಮೆರಿಕದ ಗಿಟಾರು. ಆಮೇಲೆ ಮಾವ್ಶಿ ಒಳಗೆ ಹೋಗಿ ಗೋಡೆಯ ಫೋಟೊ ತಂದಳು. ಸಿಪ್ರಿಯ ಫೋಟೊ, ಬಹರೈನಿಗೆ ಬರುವ ಮೊದಲು ಮಂಗಳೂರಿನ ಸ್ಟುಡಿಯೊದಲ್ಲಿ ತೆಗೆಸಿದ್ದು. ಒಂದು ಕೈಯಲ್ಲಿ ಫೋಟೊವನ್ನು ಲಿಲಿಯನಳ ತಲೆಯ ಮೇಲೆ ಹಿಡಿದು, ಅದರ ಮೇಲಿಂದ ಇನ್ನೊಂದು ಕೈಯಲ್ಲಿ ಹಾಲು ಹೊಯ್ದಳು. ಹಾಲು ಗಾಜಿನ ಮೇಲೆ ಹರಿದು ಅವನ ಮುಖ ಮುಚ್ಚಿತು. ಸುತ್ತ ನಿಂತವರು ನಕ್ಕರು. ಲಿಲಿಯನ್ ಕೂಡ ನಕ್ಕಳು, ನಗುತ್ತ ಫೋಟೊವನ್ನು ಮಡಿಲಿಗೆ ತೆಗೆದುಕೊಂಡು, ಒದ್ದೆ ಅಂಗೈಯಿಂದ ಅವನ ಮುಖ ಒರೆಸಿದಳು. ಮತ್ತೆ ಒರೆಸಿದಳು. ಆಮೇಲೆ ಅವಳ ಭುಜ ಕುಲುಕತೊಡಗಿತು.

ಅರ್ಬಾಬ್ ಚಿತ್ರವನ್ನು ಅಲ್ಲಿಯೇ ನಿಲ್ಲಿಸಿ ಸಿಪ್ರಿಯ ಮುಖವನ್ನೂ ಗಾಜಿನೊಳಗಿನ ಮುಖವನ್ನೂ ನೋಡಿದರು.

"ಇದು ನೀನು," ಎಂದರು ಇಂಗ್ಲಿಷಿನಲ್ಲಿ.

ಸಿಪ್ರಿ ತಲೆಯಾಡಿಸಿದ. "ಅವಳು ನನ್ನ ತಂಗಿ."

"ನಾನು ಆ ಹೊಲದಲ್ಲಿದ್ದೆ, ಗೊತ್ತೇ?" ಎಂದರು ಬು ರಾಶಿದ್. "ಕಂಪನಿ ಓದಲು ಕಳಿಸಿತ್ತು. ಗೆಳೆಯರ ಜೊತೆ ಲಾರಿ ಹತ್ತಿ ಹೋದೆ. ಮೂರು ದಿನ ನೆನೆದೆ. ಹೆಂಡತಿಗೆ ಹೇಳಿದರೆ ನಂಬುವುದಿಲ್ಲ, ಮಕ್ಕಳು ನಗುತ್ತಾರೆ. ನಿನ್ನೆ ಎಲ್ಲರನ್ನೂ ಕೂರಿಸಿ ತೋರಿಸಿದೆ, ಎಲ್ಲಿಯಾದರೂ ಕಂಡೇನು ಎಂದು. ಅಷ್ಟು ಜನರಲ್ಲಿ ನಾನು ಎಲ್ಲಿಯೂ ಇಲ್ಲ. ನಿನ್ನ ತಂಗಿ ಇದ್ದಾಳೆ." ಅವರು ನಕ್ಕರು, ಆದರೆ ನಗು ಪೂರ್ತಿ ಬರಲಿಲ್ಲ. "ನನ್ನ ತಾಯಿ ಇಡೀ ಚಿತ್ರದಲ್ಲಿ ಮೆಚ್ಚಿದ್ದು ಇದೊಂದನ್ನೇ. ಯಾಕೆ ಫೋಟೊ? ನೀನು ಹೋಗಲಿಲ್ಲವೇ?"

"ಅಂಗಡಿಯಲ್ಲಿ ಆಗ ಬಹಳ ರಶ್ ಇತ್ತು, ಬು ರಾಶಿದ್," ಎಂದ ಕಿಟ್ಟಣ್ಣ ಥಟ್ಟನೆ. "ಇವನೇ ಬೇಡ ಅಂದ."

ಸಿಪ್ರಿ ಕಿಟ್ಟಣ್ಣನನ್ನು ನೋಡಿದ. ಅನ್ನ ಹಾಕಿದವನು. ಹಣೆ ಮುಟ್ಟಿದವನು. ಮಾತಾಡಬೇಡ ಎಂದಿದ್ದವನು. ಟೀವಿಯಲ್ಲಿ ಲಿಲಿಯನ್ ತಲೆ ತಗ್ಗಿಸಿ ಹಾಗೇ ಕೂತಿದ್ದಳು, ಅವಳ ಅಂಗೈ ಅವನ ಮುಖದ ಮೇಲಿತ್ತು. ನಾಳೆ ಶಿರ್ವದ ಇಗರ್ಜಿಯಲ್ಲಿ ಎರಡನೆಯ ಸಲ ಅವನ ಹೆಸರು ಓದುತ್ತಾರೆ.

"ನೋ ಸರ್," ಎಂದ. ಅವನ ದನಿ ಅವನಿಗೇ ಜೋರಾಗಿ ಕೇಳಿತು. "ಮೈ ಪಾಸ್‌ಪೋರ್ಟ್ ವಿತ್ ಯು. ನೀವು ಕೊಡುವುದಿಲ್ಲ ಎಂದು ಕಿಟ್ಟಣ್ಣ ಹೇಳಿದರು. ನನಗೂ ಮದುವೆ ಇದೆ ಸರ್. ದಯವಿಟ್ಟು ಕೊಡಿ."

"ನನ್ನಲ್ಲಿ?" ಅರ್ಬಾಬ್ ಕನ್ನಡಕ ತೆಗೆದರು. "ನಿನ್ನ ಪಾಸ್‌ಪೋರ್ಟನ್ನು ನಾನು ಕಂಡೇ ಇಲ್ಲ."

ಕಿಟ್ಟಣ್ಣ ಖರ್ಜೂರದ ಬೀಜವೊಂದನ್ನು ಬೆರಳುಗಳ ನಡುವೆ ಹೊರಳಿಸುತ್ತಿದ್ದ. ಮನೆಯೊಳಗೆಲ್ಲೋ ಹೆಣ್ಣುಮಕ್ಕಳ ನಗು ಕೇಳಿ ನಿಂತಿತು. ಅರ್ಬಾಬ್ ಕಿಟ್ಟಣ್ಣನನ್ನೇ ನೋಡುತ್ತ ಕೂತರು, ಆಮೇಲೆ ಎದ್ದು ನಿಂತರು.

"ಅಂಗಡಿ ಕಿಟ್ಟನದು," ಎಂದರು ಸಿಪ್ರಿಗೆ, ಬಾಗಿಲವರೆಗೆ ಬಂದು. "ನನ್ನದು ಹೆಸರು ಮಾತ್ರ. ನಿಮ್ಮೊಳಗಿನ ವಿಷಯಕ್ಕೆ ನಾನು ಬರುವುದಿಲ್ಲ. ಬೇರೆ ಕ್ಯಾಸೆಟ್ ಬೇಡ, ಇದೇ ಇರಲಿ." ಒಳ್ಳೆಯ ಮನುಷ್ಯರು. ಒಳ್ಳೆಯತನ ಬಾಗಿಲವರೆಗೆ ಬಂದು ಕೈಕುಲುಕಿತು, ಹೊಸ್ತಿಲು ದಾಟಲಿಲ್ಲ.

ಗುದೈಬಿಯಾ ತಲುಪಿದೊಡನೆ ಕಿಟ್ಟಣ್ಣ ಉಷಾಲತಕ್ಕನನ್ನು ಮೇಲೆ ಕಳಿಸಿ, ಸ್ಟೂಲು ಎಳೆದು ಹತ್ತಿದ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ದೇವರ ಚಿತ್ರಗಳ ಕ್ಯಾಸೆಟ್ಟುಗಳಿದ್ದವು. ಯಾರೂ ಕೇಳದವು. ಆ ಸಾಲಿಗೆ ಕಿಟ್ಟಣ್ಣ ದಿನಾ ಊದುಬತ್ತಿ ಹಚ್ಚುತ್ತಿದ್ದ, ಧೂಳು ತಾನೇ ಒರೆಸುತ್ತಿದ್ದ. 'ಅದನ್ನು ನೀನು ಮುಟ್ಟುದು ಬೇಡ' ಎಂದು ಮೊದಲ ದಿನವೇ ಹೇಳಿದ್ದ. ತಾನು ಕ್ರಿಸ್ತುವ ಹುಡುಗ, ಅವರದು ಮಡಿಯ ವಿಷಯ ಎಂದು ಸಿಪ್ರಿ ತಿಳಿದಿದ್ದ. ಬೇಸರ ಮಾಡಿಕೊಳ್ಳಲೂ ಇಲ್ಲ, ಗೌರವದಿಂದಲೇ ದೂರ ನಿಂತಿದ್ದ. ಕಿಟ್ಟಣ್ಣ ಆ ಸಾಲಿನಿಂದ ಒಂದು ಡಬ್ಬ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಕ್ಯಾಸೆಟ್ ಇರಲಿಲ್ಲ.

"ತಕೋ," ಎಂದ. ಪಾಸ್‌ಪೋರ್ಟಿಗೆ ಊದುಬತ್ತಿಯ ವಾಸನೆ ಹತ್ತಿತ್ತು. "ನಿನಗಿಂತ ಮೊದಲು ರಜತ್ ಅಂತ ಒಬ್ಬ ಇದ್ದ. ತಿಂಗಳ ರಜೆ ಅಂತ ಹೋದವ ಬರ್ಲೇ ಇಲ್ಲ. ಅಂಗಡಿ ಮುಚ್ಚಿ ಕೂತೆ ನಾನು. ಅದಕ್ಕೇ ಸಿಪ್ರಿ. ಬೇರೆ ಎಂತದಕ್ಕೂ ಅಲ್ಲ. ದೇವರಾಣೆ."

"ಲಿಲಿಯನಳ ಮದುವೆಗೆ ಕೇಳಿದೆನಲ್ಲ, ಕಿಟ್ಟಣ್ಣ. ಇಲ್ಲೇ ಇತ್ತಲ್ಲ ಇದು. ನನ್ನ ತಲೆಯ ಮೇಲೇ."

ಕಿಟ್ಟಣ್ಣ ಸ್ಟೂಲಿನಿಂದ ಇಳಿದ. ಕಣ್ಣಲ್ಲಿ ನೀರಿತ್ತು, ಅದು ನಿಜವಾದ ನೀರೇ. ಆದರೂ ಬಾಯಿ ತನ್ನ ಕೆಲಸ ಮರೆಯಲಿಲ್ಲ. "ಆಯ್ತು ಮಾರಾಯ, ನನ್ನದು ತಪ್ಪು. ಈಗ ಹೋಗುದಾದ್ರೆ ನಾನು ಕೈ ಹಿಡಿಯುದಿಲ್ಲ. ಆದ್ರೆ ಬೇರೆ ಹುಡುಗನನ್ನು ತರ್ಸಬೇಕಾಗ್ತದೆ, ನಿನ್ನ ವೀಸಾ ಕ್ಯಾನ್ಸಲ್ ಮಾಡಿಯೇ ಕಳಿಸಬೇಕಾಗ್ತದೆ. ಕ್ಲೊಟಿಲ್ಡನ ಅಪ್ಪ ಹೆಣ್ಣು ಕೊಟ್ಟದ್ದು ಬಹರೈನಿನ ಹುಡುಗನಿಗೆ. ಬರಿಗೈಯಲ್ಲಿ ಇಳಿದ್ರೆ ಅವರು ಎಂತ ಹೇಳ್ತಾರೆ, ನೀನೇ ಯೋಚನೆ ಮಾಡು. ನಿನ್ನ ಒಳ್ಳೇದಕ್ಕೆ ಹೇಳುದು. ಆಗಸ್ಟ್ ಕಳೀಲಿ, ನಾನೇ ಟಿಕೆಟ್ ತೆಗೀತೇನೆ." ಸಿಪ್ರಿಯ ಬೆನ್ನು ತಟ್ಟಿ, "ಊಟ ಕಳಿಸ್ತೇನೆ, ನೀನು ಕೂತ್ಕೊ," ಎಂದು ಮೆಟ್ಟಿಲು ಹತ್ತಿದ.

ಸಿಪ್ರಿ ಕೂತ. ಪಾಸ್‌ಪೋರ್ಟ್ ತೆರೆದು ತನ್ನ ಫೋಟೊ ನೋಡಿದ. ಅದೇ ಸ್ಟುಡಿಯೊ, ಅದೇ ದಿನ, ಲಿಲಿಯನ್ ಒರೆಸಿದ ಅದೇ ಮುಖ. ಹೋದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಮಾವನಿಗೆ ಅಳಿಯ ಬೇಡ. ಇದ್ದರೆ ಕೆಲಸವಿದೆ, ಕ್ಲೊಟಿಲ್ಡಾ ಇಲ್ಲ. ಎತ್ತ ತಿರುಗಿದರೂ ಗೋಡೆಯೇ. ಕಪಾಟಿನಲ್ಲಿದ್ದದ್ದು ಕೈಗೆ ಬಂದರೆ ಎಲ್ಲ ಸರಿಯಾಗುತ್ತದೆಂದು ನಾಲ್ಕು ವರ್ಷ ನಂಬಿದ್ದನಲ್ಲ ಎಂದು ತನ್ನ ಮೇಲೆಯೇ ನಗು ಬಂತು. ಬರುವ ಗಂಡ ಬೇಕು ಎಂದಿದ್ದಳು ಅವಳು. ಬಹರೈನಿನವನೇ ಬೇಕು ಎಂದದ್ದು ಅವಳಲ್ಲ, ಅವಳ ಪಪ್ಪ.

ಎದುರು ಬದಿಯಲ್ಲಿ ಉಳ್ಳಾಲದ ಹುಸೈನಬ್ಬ ತಮ್ಮ ಟ್ರಾವೆಲ್ ಆಫೀಸಿನ ಮುಂದೆ ನೀರು ಚಿಮುಕಿಸಿ, ಸಂಜೆಯ ವ್ಯಾಪಾರಕ್ಕೆ ಬಾಗಿಲು ತೆರೆಯುತ್ತಿದ್ದರು. ಕಿಟಕಿಯಲ್ಲಿಟ್ಟ ಪುಟ್ಟ ವಿಮಾನ ಸಿಪ್ರಿಗೆ ಗಲ್ಲೆಯ ಮೇಲೆ ಕೂತಲ್ಲಿಂದಲೇ ಕಾಣುತ್ತಿತ್ತು. ನಾಲ್ಕು ವರ್ಷದಿಂದ ಕಾಣುತ್ತಿತ್ತು.

ಅವನು ಪಾಸ್‌ಪೋರ್ಟನ್ನು ಜೇಬಿಗೆ ತುರುಕಿ ಎದ್ದ. ಯಂತ್ರದೊಳಗಿಂದ ಲಿಲಿಯನಳ ಕ್ಯಾಸೆಟ್ ತೆಗೆದು ಹೂವಿನದನ್ನು ಅಲ್ಲಿ ಇಟ್ಟ. ಫ್ಯಾನು, ದೀಪ ಆರಿಸಿ ಹೊರಗೆ ಬಂದು ಶಟರು ಎಳೆದ. ಹೊರಗಿನಿಂದ ಎಳೆದರೆ ಅದರ ಸದ್ದೇ ಬೇರೆ. ಮೇಲಿನ ಕಿಟಕಿಯಿಂದ ಉಷಾಲತಕ್ಕ ಇಣುಕಿ, "ಸಿಪ್ರೀ, ಎಲ್ಲಿಗಾ?" ಎಂದು ಕೇಳಿದಳು. ಅವನು ಬೀಗವನ್ನು ಕೊಂಡಿಗೆ ಸಿಕ್ಕಿಸಿ ಒತ್ತಿದ. ಕಚ್ಚಲಿಲ್ಲ. ಇನ್ನೊಮ್ಮೆ ಒತ್ತಿದ. ತುಕ್ಕು ಕೈಗೆ ಹತ್ತಿತು.

ಬಾಯಿ ಬಿಟ್ಟ ಬೀಗವನ್ನು ಹಾಗೇ ನೇತಾಡಲು ಬಿಟ್ಟು, ಕ್ಯಾಸೆಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು, ಅವನು ಹುಸೈನಬ್ಬ ಈಗಷ್ಟೇ ಒದ್ದೆ ಮಾಡಿದ ನೆಲದ ಮೇಲೆ ಕಾಲಿಟ್ಟ.